ಇಮ್ಯೂನಿಟಿ ಜಾಸ್ತಿ ಮಾಡಿಕೊಳ್ಳಬೇಕೋ, ತಗ್ಗಿಸಬೇಕೋ? ಕೀಲುವಾತ ಇರುವವರು ದಯವಿಟ್ಟು ಹೇಳಿ

ಬಿಗಿಮುಷ್ಟಿ:
ನಮಸ್ಕಾರ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಈಚೆಗೆ ಗೊತ್ತಾಯಿತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಬ್ರಷ್ ಹಿಡಿಯಲು ಎರಡೂ ಕೈ ಬೇಕು. ಹೊತ್ತೇರಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಆ್ಯಂಟಿ-ಸಿಸಿಪಿ (ಈ ಕಾಯಿಲೆಯ ಗುರುತಾದ ಪ್ರತಿಕಾಯ) ಪಾಸಿಟಿವ್, ಸಿಆರ್‌ಪಿ (ಉರಿಯೂತ ಇದ್ದರೆ ಏರುವ ಪ್ರೋಟೀನು) ಜಾಸ್ತಿ. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟು, "ನಿಮ್ಮ ಇಮ್ಯೂನಿಟಿಯೇ ಕೀಲುಗಳ ಮೇಲೆ ಬಿದ್ದಿದೆ, ತಗ್ಗಿಸಬೇಕು" ಅಂದರು. ಮನೆಯಲ್ಲಿ ಎಲ್ಲರೂ ಹೇಳುವುದು ಉಲ್ಟಾ: ಇಮ್ಯೂನಿಟಿ ಇಲ್ಲದ್ದಕ್ಕೇ ಕಾಯಿಲೆ ಬಂತು, ಜಾಸ್ತಿ ಮಾಡಿಕೋ. ಅತ್ತಿಗೆ ಆಗಲೇ ಒಂದು ಪುಡಿಯ ಡಬ್ಬ ತಂದಿಟ್ಟಿದ್ದಾರೆ. ಯಾರ ಮಾತು ಕೇಳಲಿ? ಹೋದ ವರ್ಷ ಕೆಟ್ಟ ಜ್ವರ ಬಂದಿತ್ತು, ಅದರಿಂದ ಹೀಗಾಯಿತಾ?

ಹಳೇಕೀಲು:
ಉಳಿದದ್ದು ಆಮೇಲೆ, ಮೊದಲು ಇದು: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಯಾವ ದಿನ, ಸೋಮವಾರವೋ ಮಂಗಳವಾರವೋ, ಅಂತ ಮಾತ್ರೆಯ ಚೀಟಿಯ ಮೇಲೆ ದಪ್ಪಗೆ ಬರೆದಿಡಿ. ಫೋಲಿಕ್ ಆ್ಯಸಿಡ್ ಕೊಟ್ಟಿದ್ದಾರಾ ನೋಡಿ, ಕೊಡದಿದ್ದರೆ ಕೇಳಿ. ಮಗು ಆಗುವ ಯೋಚನೆ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಬಸಿರಿನಲ್ಲಿ ಈ ಮಾತ್ರೆ ಕೂಡದು.

ಸೂಕ್ಷ್ಮದರ್ಶಕ:
ನಾನು ಮೈಕ್ರೋಬಯಾಲಜಿ ಪಾಠ ಮಾಡುವವನು, ಡಾಕ್ಟರಲ್ಲ. ನಿಮ್ಮ ಡಾಕ್ಟರು ಹೇಳಿದ್ದೇ ಸರಿ. "ಇಮ್ಯೂನಿಟಿ ಜಾಸ್ತಿ, ಕಡಿಮೆ" ಅನ್ನುವ ಮಾತೇ ನನಗೆ ಸೇರುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಬೆರಳಿಗೆ ಮುಳ್ಳು ಚುಚ್ಚಿ ಬ್ಯಾಕ್ಟೀರಿಯಾ ಒಳಹೊಕ್ಕಿತು ಅನ್ನಿ. ಚರ್ಮದಡಿ ಮೊದಲೇ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ಅದನ್ನು ಗುರುತಿಸಿ ಟಿಎನ್‌ಎಫ್, ಐಎಲ್-1, ಐಎಲ್-6 ಮುಂತಾದ ಸಂದೇಶಗಳನ್ನು ಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ: ಕೆಂಪು, ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಜಿನುಗುತ್ತದೆ: ಊತ. ನರ ಕೆರಳುತ್ತದೆ: ನೋವು. ಹಿಂದೆಯೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ ಬಂದು, ತಿಂದು, ಅಲ್ಲೇ ಸಾಯುತ್ತವೆ. ಕೀವಿನಲ್ಲಿ ಇರುವುದು ಹೆಚ್ಚಾಗಿ ಅವೇ. ಅದೇ ಸಂದೇಶಗಳು ಮೆದುಳಿಗೆ ತಲುಪಿದರೆ ಜ್ವರ, ಯಕೃತ್ತಿಗೆ ತಲುಪಿದರೆ ಸಿಆರ್‌ಪಿ. ಇದರಲ್ಲಿ ಯಾವುದನ್ನೂ ಬ್ಯಾಕ್ಟೀರಿಯಾ ತಾನಾಗಿ ಮಾಡಿದ್ದಲ್ಲ. ಎಲ್ಲ ನಮ್ಮ ಮೈಯೇ ಮಾಡಿದ್ದು. ಇದನ್ನೇ ಉರಿಯೂತ ಅನ್ನುವುದು. ಸೋಂಕು ಹೋದ ಮೇಲೆ ಇದು ನಿಲ್ಲಬೇಕು, ಸಾಮಾನ್ಯವಾಗಿ ನಿಲ್ಲುತ್ತದೆ ಕೂಡ.

ನಿಮ್ಮ ಕೀಲಿನಲ್ಲಿ ಮುಳ್ಳೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ. ಉರಿಯೂತ ಮಾತ್ರ ನಡೆದೇ ಇದೆ. ಕೀಲಿನ ಒಳಪೊರೆ ದಪ್ಪವಾಗಿ ಬೆಳೆದು ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಬೇಗ ತಡೆಯಿರಿ ಅನ್ನುವುದು ಇದಕ್ಕೇ. ಒಮ್ಮೆ ಸವೆದ ಕೀಲು ಮೊದಲಿನಂತಾಗುವುದಿಲ್ಲ.

ಯಾಕೆ ಹೀಗಾಗುತ್ತದೆ? ಟಿ-ಕೋಶ ಎಂಬ ಬಿಳಿ ರಕ್ತಕಣಗಳು ಹುಟ್ಟುವಾಗ, ಎದುರಿಗಿರುವುದನ್ನು ಗುರುತಿಸುವ ಅವುಗಳ ಗ್ರಾಹಕಗಳು ಲಾಟರಿ ಎತ್ತಿದ ಹಾಗೆ ತಯಾರಾಗುತ್ತವೆ. ಮುಂದೆ ಯಾವ ವೈರಸ್ ಬರುತ್ತದೋ ಯಾರಿಗೆ ಗೊತ್ತು, ಅದಕ್ಕೇ ಎಲ್ಲ ಬಗೆಯವೂ ಬೇಕು. ಹಾಗೆ ಮಾಡಿದಾಗ ಕೆಲವು ನಮ್ಮ ಅಂಗಾಂಶಕ್ಕೇ ಹೊಂದಿಬಿಡುತ್ತವೆ. ಎದೆಯೊಳಗಿನ ಥೈಮಸ್ ಗ್ರಂಥಿ ಅಂಥವನ್ನು ಕೊಲ್ಲುತ್ತದೆ. ಎಲ್ಲವನ್ನೂ ಅಲ್ಲ. ತಪ್ಪಿಸಿಕೊಂಡವನ್ನು ಹದ್ದಿನಲ್ಲಿಡಲು ನಿಯಂತ್ರಕ ಟಿ-ಕೋಶಗಳು ಇವೆ. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ತೋರಿಸಿಕೊಟ್ಟರು. ಇವುಗಳ ಕೀಲಿಕೈಯಾದ ಫಾಕ್ಸ್‌ಪಿ3 ಜೀನನ್ನು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಪತ್ತೆಹಚ್ಚಿದರು. ಮೂವರಿಗೂ 2025ರ ನೊಬೆಲ್ ಬಂತು. ಈ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಹಸುಗೂಸಿನಲ್ಲೇ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ಎಲ್ಲದರ ಮೇಲೂ ದಾಳಿಯಾಗುತ್ತದೆ. ಆ ಮಕ್ಕಳಿಗೆ ಇಮ್ಯೂನಿಟಿ "ಕಡಿಮೆ" ಅನ್ನೋಣವೇ, "ಜಾಸ್ತಿ" ಅನ್ನೋಣವೇ?

ಇನ್ನು ನಿಮ್ಮ ಜ್ವರ. ಸೋಂಕು ಕಿಡಿ ಹಚ್ಚುವುದುಂಟು. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರ ಬರುವ ರುಮಾಟಿಕ್ ಜ್ವರ ಹೃದಯದ ಕವಾಟ ಕೆಡಿಸುತ್ತದೆ, ಬ್ಯಾಕ್ಟೀರಿಯಾದ ಪ್ರೋಟೀನಿಗೂ ನಮ್ಮದಕ್ಕೂ ಹೋಲಿಕೆ ಇರುವುದರಿಂದ. ಆದರೆ ನಿಮ್ಮ ಕಾಯಿಲೆಗೆ ಇಂಥದ್ದೇ ಕ್ರಿಮಿ ಕಾರಣ ಅಂತ ಸಾಬೀತಾಗಿಲ್ಲ. ವಂಶವಾಹಿಯ ಪಾಲಿದೆ, ಸಿಗರೇಟಿನ ಪಾಲಿದೆ. ಆ್ಯಂಟಿ-ಸಿಸಿಪಿ ಪ್ರತಿಕಾಯಗಳು ನೋವು ಶುರುವಾಗುವ ವರ್ಷಗಳ ಮೊದಲೇ ರಕ್ತದಲ್ಲಿರಬಹುದು. ಹಾಗಾಗಿ ಆ ಜ್ವರದ ಮೇಲೆ ಸುಮ್ನೆ ತಪ್ಪು ಹೊರಿಸಬೇಡಿ.

ನೇರಮಾತು:
ಇಷ್ಟೆಲ್ಲ ಯಾಕೆ? ಮಾತ್ರೆ ತಿಂದು ಇಮ್ಯೂನಿಟಿ ತಗ್ಗಿಸಿದರೆ ಕಂಡಕಂಡ ಸೋಂಕು ಹತ್ತುತ್ತದೆ ಅಲ್ವಾ? ಪುಡಿಯಿಂದ ತೊಂದರೆ ಏನು?

ಸೂಕ್ಷ್ಮದರ್ಶಕ:
ಸೋಂಕಿನ ಭಯ ಪೂರ್ತಿ ಸುಳ್ಳಲ್ಲ, ಆದರೆ ಔಷಧಿಯಿಂದ ಔಷಧಿಗೆ ವ್ಯತ್ಯಾಸ ಇದೆ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಪ್ರಮಾಣ ಕ್ಯಾನ್ಸರಿಗೆ ಕೊಡುವುದಕ್ಕಿಂತ ತೀರಾ ಕಡಿಮೆ. ಹೆಚ್ಚು ಎಚ್ಚರ ಬೇಕಾದದ್ದು ದೀರ್ಘಕಾಲದ ಸ್ಟೀರಾಯ್ಡಿಗೆ, ಮತ್ತೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ನಿಗೆ. ಕ್ಷಯದ ಬ್ಯಾಕ್ಟೀರಿಯಾವನ್ನು ನಮ್ಮ ಕೋಶಗಳು ಸುತ್ತುಗಟ್ಟಿ ವರ್ಷಗಟ್ಟಲೆ ಕೂಡಿಹಾಕಿರುತ್ತವೆ. ಆ ಗೋಡೆ ನಿಂತಿರಲು ಟಿಎನ್‌ಎಫ್ ಬೇಕು. ಅದನ್ನೇ ತಡೆದರೆ ಮಲಗಿದ್ದ ಕ್ಷಯ ಏಳಬಹುದು, ಅದಕ್ಕೇ ಆ ಇಂಜೆಕ್ಷನ್ನಿಗೆ ಮೊದಲು ಕ್ಷಯದ ಪರೀಕ್ಷೆ ಮಾಡುತ್ತಾರೆ. ಕೀಲು ಕೊರೆಯುವುದೂ ಕ್ಷಯ ಕಟ್ಟಿಹಾಕುವುದೂ ಒಂದೇ ಟಿಎನ್‌ಎಫ್, ನೋಡಿ.

ಪುಡಿ ಏನೂ ಮಾಡದಿದ್ದರೆ ದುಡ್ಡು ದಂಡ. ಏನಾದರೂ ಮಾಡಿದರೆ ಯಾವ ಕೋಶವನ್ನು ಕೆಣಕುತ್ತಿದೆ ಅಂತ ಹೇಳುವವರಿಲ್ಲ. ಕೀಲುನೋವಿನ ಕೆಲವು ಪುಡಿ, ಮಾತ್ರೆಗಳಲ್ಲಿ ಲೇಬಲ್ಲಿನಲ್ಲಿ ಬರೆಯದ ಸ್ಟೀರಾಯ್ಡ್ ಸಿಕ್ಕಿದ್ದೂ ಇದೆ. ಬೇಗ ಆರಾಮ ಅನ್ನಿಸಿದರೆ ಆಗಲೇ ಅನುಮಾನ ಪಡಿ.

ಬಿಗಿಮುಷ್ಟಿ:
ಪುಡಿಯ ಡಬ್ಬವನ್ನು ಮುಂದಿನ ಸಲ ಡಾಕ್ಟರಿಗೆ ತೋರಿಸುತ್ತೇನೆ, ಅಲ್ಲಿಯತನಕ ತೆರೆಯುವುದಿಲ್ಲ. ಅತ್ತಿಗೆಗೆ ಏನು ಹೇಳುವುದೋ ಗೊತ್ತಿಲ್ಲ! ಎರಡು ವಾರ ಮಾತ್ರೆ ತೆಗೆದುಕೊಂಡೆ, ಏನೂ ವ್ಯತ್ಯಾಸ ಇಲ್ಲ. ನನಗೆ ಹಿಡಿಸುತ್ತಿಲ್ಲವಾ?

ಹಳೇಕೀಲು:
ಎರಡು ವಾರಕ್ಕೆ ಏನೂ ಗೊತ್ತಾಗುವುದಿಲ್ಲ. 6ರಿಂದ 12 ವಾರ ಬೇಕು. ಅಲ್ಲಿಯತನಕ ಹೇಳಿದ ದಿನಕ್ಕೆ ರಕ್ತಪರೀಕ್ಷೆ ಮಾಡಿಸಿ. ಯಕೃತ್ತು, ರಕ್ತಕಣಗಳ ಲೆಕ್ಕ ನೋಡುತ್ತಾರೆ. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರು ಕಟ್ಟಿದ ಹಾಗೆ ಏನಾದರೂ ಆದರೆ ಮುಂದಿನ ಮಾತ್ರೆಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆಗಳ ವಿಷಯವನ್ನೂ ಕೇಳಿ. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಲು ಹೇಳುತ್ತಾರೆ, ಜೀವಂತ ವೈರಸ್ ಇರುವ ಲಸಿಕೆಗಳನ್ನು ಮಾತ್ರ ಕೇಳದೆ ಹಾಕಿಸಿಕೊಳ್ಳಬೇಡಿ. ಅತ್ತಿಗೆಗೆ ಈ ಪುಟವನ್ನೇ ಓದಲು ಕೊಡಿ.