ಅಪ್‌ಡೇಟ್: ಹೊಸ ಚೈನ್ ಹಾಕಿದರೂ ಜಾರುತ್ತಿದ್ದ ಗೇರ್ ಸೈಕಲ್, ಜೊತೆಗೆ ಉಳಿದ ಮೂರು

ಮನೆಯ ನಾಲ್ಕು ಸೈಕಲ್‌ಗಳಲ್ಲಿ ಆಫೀಸಿಗೆ ಒಯ್ಯುವ ಗೇರ್ ಸೈಕಲ್, ಹೊಸ ಚೈನ್ ಹಾಕಿದ ಮೇಲೂ ಏರಿನಲ್ಲಿ ಜಾರುತ್ತದೆ ಎಂದು ಕೇಳಿದ್ದೆ. ನೀವು ಹೇಳಿದಂತೆ ತಪ್ಪು ಚೈನಿನದಲ್ಲ, ಫ್ರೀವೀಲ್‌ನದು (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿಗಳ ಗುಚ್ಛ). ಹೆಚ್ಚು ಬಳಸುವ ಎರಡು ಗೇರ್‌ಗಳ ಹಲ್ಲು ಒಂದೇ ಕಡೆ ಸವೆದು ಕೊಕ್ಕೆಯಂತಾಗಿದ್ದವು. ಹೊಸ ಚೈನಿನ ರೋಲರ್ ಅಲ್ಲಿ ಕೂರದೆ ಮೇಲೆ ಹತ್ತಿ ಹಾರುತ್ತಿತ್ತು. ಫ್ರೀವೀಲ್ ಬದಲಿಸಿದ ಮೇಲೆ ಒಮ್ಮೆಯೂ ಜಾರಿಲ್ಲ.

ಚೈನಿನ ಸವೆತ ನೋಡಲು ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಡಿ. ಅಲ್ಲಿಂದ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. 1/8 ಇಂಚಿನವರೆಗೂ ಬಿಟ್ಟರೆ ಫ್ರೀವೀಲ್‌ಗೂ ದುಡ್ಡು ಎತ್ತಿಡಬೇಕು.

ದಿನಸಿ ತರುವ 28 ಇಂಚಿನ ಕರಿ ಸೈಕಲ್‌ಗೆ 700ಸಿ ಎಂಬ ಇನ್ನೊಂದು ಅಳತೆಯ ಟೈರ್ ಕೂರುವುದಿಲ್ಲ. ರಿಮ್ ಮೇಲೆ ಕೂರುವ ಟೈರಿನ ಒಳ ಅಂಚಿನ ವ್ಯಾಸ ಕರಿ ಸೈಕಲ್‌ನದು 635 ಮಿ.ಮೀ., 700ಸಿಯದು 622. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ನೋಡಿಯೇ ಕೊಳ್ಳಿ. ರಾತ್ರಿ ಕಳೆಯುವುದರೊಳಗೆ ಗಾಳಿ ಇಳಿಯುತ್ತಿದ್ದುದು ಪಂಕ್ಚರ್‌ನಿಂದಲ್ಲ, ವಾಲ್ ಟ್ಯೂಬ್ (ವಾಲ್ವ್‌ನೊಳಗಿನ ಸಣ್ಣ ರಬ್ಬರ್ ಕೊಳವೆ) ಬಿರಿದಿತ್ತು.

ಮಗಳ 20 ಇಂಚಿನದಕ್ಕೂ ಕಾಡುದಾರಿಯ ದಪ್ಪ ಟೈರಿನದಕ್ಕೂ ಬೈಕಿನಂಥದೇ ವಾಲ್ವ್. ಬಂಕಿನಲ್ಲೇ ಗಾಳಿ ಹಿಡಿಸಬಹುದು. ಆದರೆ ಸ್ವಲ್ಪ ಸ್ವಲ್ಪವೇ ಹಿಡಿಸಿ, ಸಣ್ಣ ಟ್ಯೂಬ್ ಕ್ಷಣದಲ್ಲಿ ತುಂಬಿಬಿಡುತ್ತದೆ.