ಹನ್ನೊಂದು ಮಿರ್ಚಿ, ಒಂದು ಸಸ್ಪೆಂಡ್

ಮೊದಲು ಹೋದವನು ಸಂದೇಶ್ ಜಿಂಗಾನ್. ಮೇಷ್ಟ್ರು ತಿಂದುಬಿಟ್ಟರು.

ಗಾಬರಿ ಬೇಡ. ಅವತ್ತು 2025ರ ಅಕ್ಟೋಬರ್ 13, ಸೋಮವಾರ ಸಂಜೆ. ಜಾಗ, ಬಳ್ಳಾರಿ ಮೋತಿ ಸರ್ಕಲ್ ಕಡೆ ನಮ್ಮ ಖಾಯಂ ಬಜ್ಜಿ ಬಂಡಿ. ಮಾರನೇ ದಿನ ಮಡಗಾಂವ್‌ನಲ್ಲಿ ಭಾರತ–ಸಿಂಗಪುರ ಫುಟ್‌ಬಾಲ್ ಮ್ಯಾಚ್, 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನದು. ಕೋಚ್ ಖಾಲಿದ್ ಜಮೀಲ್ ಯಾರನ್ನು ಆಡಿಸಬೇಕು ಅಂತ ತೀರ್ಮಾನ ಮಾಡೋದಕ್ಕೆ ನಾವು ಐದು ಜನ ಸೇರಿದ್ದೆವು. ಅವರು ನಮ್ಮನ್ನು ಕೇಳಿರಲಿಲ್ಲ, ಬಿಡಿ.

ಐದು ಪ್ಲೇಟ್ ಒಗ್ಗಾಣಿ, ಹನ್ನೆರಡು ಮಿರ್ಚಿ ಹೇಳಿದೆವು. ಮಿರ್ಚಿ ಪೇಪರ್ ಮೇಲೆ ಬಿದ್ದಿದ್ದೇ ತಡ, ಪುಟ್ಟ ಅವನ್ನು ಜೋಡಿಸೋಕೆ ಶುರು ಮಾಡಿದ. ಎಲ್ಲಕ್ಕಿಂತ ಉದ್ದದ್ದು ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು. ಒಂದು ಉಳಿಯಿತು.

"ಇದು ನಮ್ಮ ಡಿಫೆಂಡರ್ ಜಿಂಗಾನ್. ನಾಳೆ ಇಲ್ಲ, ಸಸ್ಪೆಂಡ್" ಅಂದ.

ಮೇಷ್ಟ್ರು ಅದನ್ನೇ ಎತ್ತಿ ಬಾಯಿಗಿಟ್ಟರು. "ಆಡದೇ ಇರೋನು ಸುಮ್ನೆ ಯಾಕೆ ತಣ್ಣಗಾಗಬೇಕು?"

ಹಿಂದಿನ ಗುರುವಾರ ಸಿಂಗಪುರಕ್ಕೇ ಹೋಗಿ ಆಡಿದಾಗ ಆದ ಅನಾಹುತ ಅದು. ಬಿಡುವಿಗೆ ಮೊದಲು ಅವರು ಒಂದು ಗೋಲು ಹೊಡೆದರು. ಬಿಡುವು ಮುಗಿಸಿ ಬಂದು, ಬಾಯಿಗೆ ಹಾಕಿದ ನೀರು ಇನ್ನೂ ಗಂಟಲಿಗೆ ಇಳಿದಿತ್ತೋ ಇಲ್ಲವೋ, 47ನೇ ನಿಮಿಷಕ್ಕೆ ಜಿಂಗಾನ್‌ಗೆ ಎರಡನೇ ಹಳದಿ ಕಾರ್ಡ್, ಅಂದ್ರೆ ರೆಡ್ ಕಾರ್ಡ್. ಹತ್ತೇ ಜನ ಉಳಿದರು. 90ನೇ ನಿಮಿಷದಲ್ಲಿ ಸಿಂಗಪುರದವರು ಹಿಂದಕ್ಕೆ ಕೊಟ್ಟ ಕೆಟ್ಟ ಪಾಸನ್ನು ರಹೀಂ ಅಲಿ ಹಿಡಿದು ಗೋಲು ಹೊಡೆದ. 1-1. ನಾನು ಮನೆಯಲ್ಲಿ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಹಾವು ಬಂತು ಅಂದ್ಕೊಂಡು ಕೋಲು ಹಿಡಿದು ಬಂದಿದ್ದರು.

ಮೇಷ್ಟ್ರು ಗಣಿತದವರು. ಬಾಯಿ ಒರೆಸಿಕೊಂಡು ಲೆಕ್ಕ ಬಿಚ್ಚಿದರು. "ಮೂರು ಮ್ಯಾಚ್ ಆಗಿದೆ. ಹಾಂಗ್‌ಕಾಂಗ್ 7 ಪಾಯಿಂಟ್, ಸಿಂಗಪುರ 5, ನಾವು 2, ಬಾಂಗ್ಲಾದೇಶ 1. ಗುಂಪಿನಲ್ಲಿ ಮೊದಲು ಬಂದೋರಿಗೆ ಮಾತ್ರ ಸೌದಿಯ ಏಷ್ಯನ್ ಕಪ್ ಟಿಕೆಟ್. ಉಳಿದ ಮೂರೂ ಗೆದ್ರೆ ನಮ್ಮದು 11."

"ಮೂರೂ ಗೆದ್ರೆ!" ಅಂತ ಜಿಪ್ ನಕ್ಕ. "ಈವರೆಗೆ ಹೊಡೆದ ಗೋಲು ಎಷ್ಟು ಹೇಳ್ರಿ ಮೇಷ್ಟ್ರೇ."

"ಮೂರು ಮ್ಯಾಚಿಗೆ ಒಂದು."

"ಅದೂ ಅವರು ಕೊಟ್ಟಿದ್ದು."

ಜಿಪ್ ಅನ್ನೋದು ಅವನ ಅಡ್ಡಹೆಸರು. ಬಳ್ಳಾರಿ ಅಂದ್ರೆ ಜೀನ್ಸ್ ಅಲ್ವಾ, ಇವನದೂ ಒಂದು ಸಣ್ಣ ಹೊಲಿಗೆ ಯೂನಿಟ್ ಇದೆ. ದೀಪಾವಳಿಗೆ ಒಂದೇ ವಾರ. ಆರ್ಡರ್ ತಲೆ ಮೇಲೆ ಕೂತಿತ್ತು. ಆದರೂ ಬಂದಿದ್ದ. ಫುಟ್‌ಬಾಲ್‌ನಲ್ಲಿ ಅವನಿಗೆ ಡಿಫೆನ್ಸ್ ಬಿಟ್ಟು ಬೇರೇನೂ ಬೇಡ. "ನೋಡ್ರಿ, ಡಿಫೆನ್ಸ್ ಅಂದ್ರೆ ಪ್ಯಾಂಟಿನ ಜಿಪ್ ಇದ್ದಂಗೆ. ಸರಿ ಇದ್ರೆ ಯಾರೂ ನೋಡಲ್ಲ. ಕೈಕೊಟ್ರೆ ಊರೆಲ್ಲಾ ನೋಡುತ್ತೆ. ಜಿಂಗಾನ್ ಜಾಗಕ್ಕೆ ಯಾರು? ಅದನ್ನ ಮೊದಲು ಹೇಳ್ರಿ, ಆಮೇಲೆ ಸ್ಟ್ರೈಕರ್ ಪುರಾಣ."

"ಅನ್ವರ್ ಅಲಿ ಜೊತೆಗೆ ರಾಹುಲ್ ಭೆಕೆ. ಮುಗೀತು" ಅಂದ ಪುಟ್ಟ. ಪುಟ್ಟ ಡಿಗ್ರಿ ಹುಡುಗ. ಬೆಂಗಳೂರು ಎಫ್‌ಸಿ ಅಂದ್ರೆ ಪ್ರಾಣ. ಆ ಕ್ಲಬ್ಬಿನ ಅಕಾಡೆಮಿ ನಮ್ಮ ತೋರಣಗಲ್ಲಿನ ವಿಜಯನಗರದಲ್ಲೇ ಇದೆ ಅನ್ನೋ ಹಮ್ಮು ಬೇರೆ. ಬಳ್ಳಾರಿ ಬಿಸಿಲಲ್ಲಿ ಓಡಿದ ಹುಡುಗರು ಜಗತ್ತಲ್ಲಿ ಎಲ್ಲಿ ಬೇಕಾದರೂ ಓಡ್ತಾರೆ ಅನ್ನೋದು ಅವನ ಸಿದ್ಧಾಂತ. "2019ರ ಇಂಡಿಯನ್ ಸೂಪರ್ ಲೀಗ್, ಅದೇ ಐಎಸ್‌ಎಲ್ ಫೈನಲ್ ನೆನಪಿದೆಯಾ? ಗೋವಾ ಮೇಲೆ, ಎಕ್ಸ್‌ಟ್ರಾ ಟೈಮಲ್ಲಿ ತಲೆ ಕೊಟ್ಟು ಗೆಲ್ಲಿಸಿದ್ದು ಯಾರು? ಇದೇ ಭೆಕೆ."

"ಅಂದ್ರೆ ಭೆಕೆ ಸ್ಟಾಪ್‌ಲಾಗ್" ಅಂದರು ಮೇಷ್ಟ್ರು.

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಹರಿಯೋ ನೀರಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ತಡೆ, ಅಂದ್ರೆ ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದರು. ಅವತ್ತಿನಿಂದ ಬಳ್ಳಾರಿ, ಕೊಪ್ಪಳ, ರಾಯಚೂರಲ್ಲಿ ಮದುವೆಗೆ ಅಡುಗೆಯವನು ಕೈಕೊಟ್ಟು ಇನ್ನೊಬ್ಬ ಬಂದರೂ ಅವನು ಸ್ಟಾಪ್‌ಲಾಗೇ.

"33 ಗೇಟಲ್ಲಿ 32 ಸರಿ ಇದ್ವು. ಏನು ಪ್ರಯೋಜನ? ನೀರು ಕೇಳಿಕೊಂಡು ಹೋಗುತ್ತಾ, ಯಾವ ಗೇಟ್ ಸರಿ ಇದೆ ಅಂತ?" ಅಂತ ಜಿಪ್ ಸಿಟ್ಟಲ್ಲಿ ಲೆಫ್ಟ್ ಬ್ಯಾಕ್ ಎತ್ತಿ ಕಚ್ಚಿದ. ತಿಂದ ಮೇಲೆ ಗೊತ್ತಾಯಿತು ಅವನಿಗೆ. "ಅಯ್ಯೋ, ಡಿಫೆನ್ಸ್ ನಾನೇ ಖಾಲಿ ಮಾಡಿದೆನಲ್ಲೋ!"

ಇಷ್ಟು ಹೊತ್ತು ಕಾಕಾ ಒಗ್ಗಾಣಿಯಲ್ಲಿನ ಶೇಂಗಾ ಆರಿಸಿ ಆರಿಸಿ ತಿನ್ನುತ್ತಿದ್ದರು. ರೈಲ್ವೆಯಲ್ಲಿ ರಿಟೈರ್ ಆದವರು, ಮೂಲ ರಾಯಚೂರು. ಅವರು ಮಾತು ಶುರು ಮಾಡೋ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಸದ್ದು ಬಂದರೆ ನಾವು ಕನಿಷ್ಠ ಅರವತ್ತು ವರ್ಷ ಹಿಂದಕ್ಕೆ ಹೋಗೋದು ಖಂಡಿತ.

"ಟೀಮ್ ಆರಿಸೋದು ಅಂದ್ರೆ ರಹೀಂ ಸಾಹೇಬ್ರು."

"ರಹೀಂ ಅಲಿನಾ? ಬೆಂಚಿಂದ ಬರ್ತಾನೆ ಬಿಡಿ ಕಾಕಾ."

"ಲೇ, ಸೈಯದ್ ಅಬ್ದುಲ್ ರಹೀಂ ಕಣೋ! ಕೋಚು. ನಮ್ಮ ಹೈದರಾಬಾದಿನವರು."

ಕಾಕಾಗೆ ಹೈದರಾಬಾದ್ ಇನ್ನೂ 'ನಮ್ಮದೇ'. ರಾಯಚೂರು ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಅವರ ಟೀಮು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಬಡಿಯಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್. ಕೊನೆಗೆ ನಾಲ್ಕನೇ ಸ್ಥಾನ. ಆಸ್ಟ್ರೇಲಿಯಾವನ್ನು ಬಡಿದ ಸುದ್ದಿ ಬರೋ ಹೊತ್ತಿಗೆ ತಾವು ಯಾವ ರಾಜ್ಯದವರು ಅಂತ ರಾಯಚೂರಿನವರಿಗೇ ಇನ್ನೂ ಅಭ್ಯಾಸ ಆಗಿರಲಿಲ್ಲ ಅನ್ನುವುದು ಕಾಕಾರ ವಾದ. ಹಾಗಾಗಿ ಆ ಗೆಲುವಿನಲ್ಲಿ ರಾಯಚೂರಿನ ಪಾಲು ಇನ್ನೂ ಬಾಕಿ ಇದೆ.

"1962, ಜಕಾರ್ತ ಏಷ್ಯನ್ ಗೇಮ್ಸ್" ಅಂತ ಮುಂದುವರಿಸಿದರು. "ಮೊದಲ ಮ್ಯಾಚಲ್ಲೇ ಕೊರಿಯಾ ಕೈಲಿ 0-2. ಇವತ್ತಿನ ಹಾಗಿದ್ರೆ ಅವತ್ತೇ ಕೋಚನ್ನ ಮನೆಗೆ ಕಳಿಸ್ತಿದ್ರಿ. ಮುಂದೆ ಥಾಯ್ಲೆಂಡ್ ಮೇಲೆ ನಮ್ಮ ಜರ್ನೈಲ್ ಸಿಂಗ್ ತಲೆ ಒಡ್ಕೊಂಡ. ಹೊಲಿಗೆ ಹಾಕಿದ್ರು."

"ಯಾವ ಹೊಲಿಗೆ?" ಜಿಪ್‌ಗೆ ವೃತ್ತಿ ಕುತೂಹಲ.

"ಲಾಕ್ ಸ್ಟಿಚ್! ಸುಮ್ನೆ ಕೇಳೋ. ಅವನು ಡಿಫೆಂಡರ್. ತಲೆಗೆ ಪಟ್ಟಿ ಕಟ್ಕೊಂಡಿದ್ದಾನೆ. ರಹೀಂ ಸಾಹೇಬ್ರು ಅವನನ್ನ ಕೂರಿಸಲಿಲ್ಲ, ಸೆಮಿಫೈನಲ್‌ಗೆ ಸೆಂಟರ್ ಫಾರ್ವರ್ಡ್ ಮಾಡಿದ್ರು! ಸೆಮಿಯಲ್ಲೂ ಗೋಲು, ಫೈನಲ್‌ನಲ್ಲೂ ಗೋಲು. ಅದೇ ಕೊರಿಯಾ, 2-1. ಚಿನ್ನ."

ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಈ ಕಥೆ ನಾವು ಕೇಳಿದ್ದು ಎಷ್ಟನೇ ಸಲವೋ. ಆದರೂ ಹೊಲಿಗೆ ಹಾಕಿದ ತಲೆ ಗೋಲ್ ಮುಂದೆ ಹೋಗಿ ನಿಲ್ಲೋ ಜಾಗ ಬಂದಾಗ ನನಗೆ ಪ್ರತಿಸಲ ಮೈ ಜುಮ್ಮೆನ್ನುತ್ತೆ.

ಪುಟ್ಟ ಮಾತ್ರ ಕರಗಲಿಲ್ಲ. "ಹಾಗಾದ್ರೆ ನಾಳೆ ಅನ್ವರ್ ಅಲಿನ ಸ್ಟ್ರೈಕರ್ ಮಾಡೋಣ ಅಂತೀರಾ?"

"ಮಾಡಿದ್ರೆ ತಪ್ಪೇನು? ಮುಂದೆ ಇರೋರು ಏನು ಕಡಿದು ಕಟ್ಟೆ ಹಾಕಿದ್ದಾರೆ?"

ಆಗ ಬಂದಿದ್ದು ಚೆಟ್ರಿ ವಿಷಯ. ಅಸಲಿ ಜಗಳ ಅಲ್ಲಿಂದ.

ಸುನಿಲ್ ಚೆಟ್ರಿ 2024ರ ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ಮೇಲೆ ಕೊನೇ ಮ್ಯಾಚ್ ಅಂತ ಆಡಿ ಕೈ ಬೀಸಿ ಹೋದರು. ಆಗ 94 ಗೋಲು. ನಾನು ಅತ್ತೆ. ಖರ್ಚು ಮಾಡಿಕೊಂಡು ಅತ್ತೆ, ಅಂದ್ರೆ ನಾಲ್ಕು ಜನಕ್ಕೆ ಬಜ್ಜಿ ಕೊಡಿಸಿ. 2025ರ ಮಾರ್ಚ್‌ನಲ್ಲಿ ವಾಪಸ್ ಬಂದರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ಮೇಲೆ 95ನೇದು ಹೊಡೆದರು. ನಾನು ಮತ್ತೆ ಅತ್ತೆ. ಈ ಸಲ ಬಜ್ಜಿ ದುಡ್ಡು ಆ ನಾಲ್ಕು ಜನವೇ ಕೊಟ್ಟರು.

"ಈಗ 41 ವರ್ಷ" ಅಂದ ಪುಟ್ಟ. "ಜಮೀಲ್ ಬಂದ ತಕ್ಷಣ ಮಧ್ಯ ಏಷ್ಯಾದವರ ಕಾಫಾ ಕಪ್‌ಗೆ ಅವರನ್ನ ಕರೆಯಲೇ ಇಲ್ಲ. ಅಲ್ಲಿ ನಾವು ಒಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಬಂದ್ವಿ. ಮತ್ತೆ ಯಾಕೆ ಕರೆದ್ರು? ಅಣ್ಣಾ, ಬೇಜಾರಾಗಬೇಡ. ಅದು ಎರಡನೇ ಸಲ ಕರಿದ ಬಜ್ಜಿ."

ನಾನು ಎದ್ದು ನಿಲ್ಲಬೇಕು ಅಂತಿದ್ದೆ. ಮೊದಲೇ ನಿಂತಿದ್ದೆ. "ಅನುಭವ ಅನ್ನೋದು ಒಂದು ಇರುತ್ತೆ ಪುಟ್ಟ."

"19ನೇ ಗೇಟಿಗೂ ಎಪ್ಪತ್ತು ವರ್ಷ ಅನುಭವ ಇತ್ತು" ಅಂದ ಜಿಪ್.

ಇಂಥವರನ್ನು ಇಟ್ಕೊಂಡು ಸ್ನೇಹ ಮಾಡಬೇಕು ನೋಡಿ.

"ನೀನು ಹುಟ್ಟಿದ್ದು ಯಾವ ವರ್ಷ?" ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು.

"1984."

"ಚೆಟ್ರಿ?"

"...1984."

"ಮೊಣಕಾಲು ಹೆಂಗಿದೆ?"

ಉತ್ತರ ಕೊಡಲಿಲ್ಲ ನಾನು. ಹೋದ ಭಾನುವಾರ ಮಕ್ಕಳ ಜೊತೆ ಗ್ರೌಂಡಿಗಿಳಿದು, ಹತ್ತೇ ನಿಮಿಷಕ್ಕೆ ಮೊಣಕಾಲು ಹಿಡ್ಕೊಂಡು, ಅಂಚಿನ ಬೇವಿನ ಮರದ ಕೆಳಗೆ ಕೂತಿದ್ದು ಇವರಿಗೆ ಹೇಗೆ ಗೊತ್ತಾಯಿತೋ. "ಇವನು ಚೆಟ್ರಿಗಲ್ಲ, ತನ್ನ ಮೊಣಕಾಲಿಗೆ ವೋಟ್ ಹಾಕ್ತಿದ್ದಾನೆ" ಅಂತ ಮೇಷ್ಟ್ರು ಘೋಷಿಸಿದರು. ಹೇಳೋದಕ್ಕೇನು, ಜಿಪ್‌ಗೆ ಬರೀ ಡಿಫೆನ್ಸ್ ಬೇಕು, ಯಾಕಂದ್ರೆ ಸಾಲ ಕೊಟ್ಟವರಿಂದ ಅವನು ದಿನಾ ಮಾಡೋದೇ ಅದು. ಕಾಕಾಗೆ ಸತ್ತವರು ಬಿಟ್ಟು ಇನ್ಯಾರೂ ಟೀಮಲ್ಲಿ ಬೇಡ. ಮೇಷ್ಟ್ರು ಮಾತ್ರ ಯಾರನ್ನೂ ಆರಿಸಲ್ಲ, ಎಲ್ಲರಿಗೂ ಮಾರ್ಕ್ಸ್ ಕಡಿಮೆ ಹಾಕ್ತಾರೆ.

ನನ್ನ ಮಾನ ಉಳಿಸಿದ್ದು ಕಾಕಾ. "ಎರಡು ಸಲ ಕರಿದದ್ದು ಅಂತ ಹೀಯಾಳಿಸಬೇಡ್ರೋ. ಹೈದರಾಬಾದಿಗೆ ಹೋಗಿ ಕಟ್ ಮಿರ್ಚಿ ತಿಂದು ನೋಡಿ. ಕರಿದದ್ದನ್ನೇ ಕತ್ತರಿಸಿ ಮತ್ತೆ ಎಣ್ಣೆಗೆ ಬಿಡ್ತಾರೆ. ಗರಿಗರಿ ಅಂದ್ರೆ ಅದು."

"ಅದೂ ನಿಮ್ಮ ರಹೀಂ ಸಾಹೇಬ್ರು ಕಂಡುಹಿಡಿದದ್ದಾ?"

ಅಷ್ಟರಲ್ಲಿ ಬಂಡಿಗೆ ಒಬ್ಬರು ಬಂದರು. ನಮ್ಮ ಮಾತು ಸ್ವಲ್ಪ ಹೊತ್ತು ಕೇಳಿ, ತಡೆಯಲಾರದೆ ಬಾಯಿ ಹಾಕಿದರು. "ಯಾರನ್ನ ಬಿಟ್ಟರೂ ಬುಮ್ರಾನ ಬಿಡಬಾರದು ರೀ." ಪಾಪ, ಅವತ್ತು ದೆಹಲಿಯಲ್ಲಿ ವೆಸ್ಟ್ ಇಂಡೀಸ್ ಟೆಸ್ಟ್ ನಡೀತಿತ್ತು. "ಇದು ಫುಟ್‌ಬಾಲು" ಅಂದೆವು. ಅವರು ನಮ್ಮನ್ನು ಒಮ್ಮೆ, ಪೇಪರ್ ಮೇಲಿನ ಮಿರ್ಚಿಗಳನ್ನು ಒಮ್ಮೆ ನೋಡಿದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಕೇಳಿದವರ ಹಾಗೆ ಮುಖ ಮಾಡಿ, ಪಾರ್ಸೆಲ್ ತಗೊಂಡು ಹೋದರು.

ಮುಂದಿನ ಸಾಲು ಬೇಗ ಇತ್ಯರ್ಥವಾಯಿತು. ಒಂದು ಬದಿಗೆ ಛಾಂಗ್ಟೆ, ಅದರಲ್ಲಿ ತಕರಾರಿಲ್ಲ. ಇನ್ನೊಂದು ಬದಿಗೆ ಲಿಸ್ಟನ್ ಕೊಲಾಸೊ, ಗೋವಾದವನು, ತನ್ನ ಊರ ಜನದ ಮುಂದೆ ಜಾಸ್ತಿ ಓಡ್ತಾನೆ. ನಡುವೆ ಸುರೇಶ್ ವಾಂಗ್ಜಮ್ ಇರಲಿ ಅಂತ ಪುಟ್ಟ.

"ಫಾರ್ಮ್?" ಅಂದರು ಮೇಷ್ಟ್ರು.

"ಫಾರ್ಮ್ ಎಲ್ಲಿಂದ ತರೋದು ಸರ್? ಐಎಸ್‌ಎಲ್ ಶುರುವೇ ಆಗಿಲ್ಲ ಈ ವರ್ಷ. ಪರೀಕ್ಷೆನೇ ಇಡದೆ ರ‍್ಯಾಂಕ್ ಕೇಳಿದಂಗಾಯ್ತು."

ಮೇಷ್ಟ್ರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಬೇಸರಕ್ಕೆ ಮಿಡ್‌ಫೀಲ್ಡರ್ ಒಬ್ಬನನ್ನು ತಿಂದರು.

ಆಮೇಲೆ ಜಿಪ್‌ಗೆ ಇದ್ದಕ್ಕಿದ್ದಂತೆ ಹುರುಪು ಬಂತು. "ಇಲ್ಲಿ ನಿಂತು ಏನು ಮಾತು? ಹೋಗೇಬಿಡೋಣ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದ್ರೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ನೇರ ಮಡಗಾಂವ್." ಐದು ನಿಮಿಷ ಎಲ್ಲರೂ ಗೋವಾದಲ್ಲಿದ್ದೆವು. ಜಿಪ್ ಆಗಲೇ ಸ್ಟೇಡಿಯಂಗೆ ಬುತ್ತಿ ಕಟ್ಟಿಸಿದ್ದ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ರೈಲು ನಾಳೆ ಇದೆಯಾ ಅಂತ ಕಾಕಾನ ಕೇಳಿದೆವು. "ನಾನು ರಿಟೈರ್ ಆಗಿದ್ದೀನಿ" ಅಂದರು. ಜಿಪ್‌ನ ಫೋನ್ ರಿಂಗಾಯಿತು. ಯೂನಿಟ್ಟಿಂದ. ಗುಂಡಿ ಮುಗಿದಿತ್ತಂತೆ. ಗೋವಾ ಅಲ್ಲಿಗೆ ಬರಖಾಸ್ತ್.

ಮಾರನೇ ದಿನ ಮಡಗಾಂವ್‌ನಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. 14ನೇ ನಿಮಿಷಕ್ಕೆ ಛಾಂಗ್ಟೆ ಗೋಲು ಹೊಡೆದದ್ದು ಮಾತ್ರ ನಾನು ನೆನಪಿಟ್ಟುಕೊಂಡಿದ್ದೇನೆ. ಉಳಿದದ್ದು ಇಲ್ಲಿ ಬೇಡ. ಬಂಡಿ ಮುಂದೆ ನಾವು ಇನ್ನೂ ಸೋತಿರಲಿಲ್ಲ.

ವಾದ ಮುಗಿಯೋ ಹೊತ್ತಿಗೆ ಪೇಪರ್ ಮೇಲೆ ಎಣ್ಣೆಯ ಕಲೆಗಳು ಮಾತ್ರ 4-3-3ರಲ್ಲಿ ನಿಂತಿದ್ದವು. ಗುರುಪ್ರೀತ್‌ನನ್ನು ಸ್ವತಃ ಪುಟ್ಟನೇ ಮುಗಿಸಿದ್ದ. ಉಳಿದದ್ದು ಒಂದೇ, ಮುಂದಿನ ಸಾಲಿನ ನಡುವಿನದು. ನಾನು ಅಷ್ಟು ಹೊತ್ತೂ ಅಂಗೈ ಅಡ್ಡ ಇಟ್ಟು ಕಾಯ್ದಿದ್ದೆ. ತಣ್ಣಗಾಗಿ, ಮೆತ್ತಗಾಗಿ, ಹಿಟ್ಟು ಒಂದು ಕಡೆ ಬಿಟ್ಟುಕೊಂಡಿತ್ತು.

ಬಂಡಿಯವನು ಒಂದು ಮಾತೂ ಆಡದೆ ಅದನ್ನು ಎತ್ತಿಕೊಂಡ. ಐದು ತುಂಡು ಮಾಡಿದ. ಕಾದ ಎಣ್ಣೆಗೆ ಬಿಟ್ಟ. ಚುರ್ ಅಂತು. ತೆಗೆದು, ಮೇಲೆ ಹಸಿ ಈರುಳ್ಳಿ ಉದುರಿಸಿ, ಲಿಂಬೆ ಹಿಂಡಿ ಮುಂದಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಚೂರು. ಪುಟ್ಟ ಅಗಿದ. ನನ್ನ ಕಡೆ ನೋಡಲಿಲ್ಲ. ಬೆರಳು ನೆಕ್ಕಿದ.

"ಎಷ್ಟಾಯ್ತಪ್ಪ?" ಅಂತ ಕೇಳಿ ಮೇಷ್ಟ್ರೇ ಲೆಕ್ಕ ಹೇಳಿದರು. "ಐದು ಒಗ್ಗಾಣಿ, ಹನ್ನೊಂದು ಮಿರ್ಚಿ."

"ಹನ್ನೆರಡು ಸರ್" ಅಂದ ಬಂಡಿಯವನು. "ರೆಡ್ ಕಾರ್ಡ್ ಜಿಂಗಾನ್‌ಗೆ ಬಿದ್ದಿದ್ದು. ನನಗಲ್ಲ."