ಸಿಡುಕ ವೈದ್ಯನ ಮೇಲೆ ನಮಗೇಕೆ ಇಷ್ಟು ಪ್ರೀತಿ? ‘ಹೌಸ್’ ಧಾರಾವಾಹಿಯ ಕುರಿತು ಚರ್ಚೆ

ತುಂಗಾತೀರ:
ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2004ರ ನವೆಂಬರ್‌ನಿಂದ 2012ರ ಮೇ ತಿಂಗಳವರೆಗೆ ಎಂಟು ಸೀಸನ್‌ಗಳಲ್ಲಿ ಪ್ರಸಾರವಾದ ‘ಹೌಸ್’ ಧಾರಾವಾಹಿಯನ್ನು ಈಗ ಎರಡನೆಯ ಸಲ ಮೊದಲಿನಿಂದ ನೋಡುತ್ತಿದ್ದೇನೆ. ನೋಡದವರಿಗಾಗಿ ಎರಡು ಮಾತು: ನ್ಯೂಜೆರ್ಸಿಯ ಒಂದು ಕಾಲ್ಪನಿಕ ಆಸ್ಪತ್ರೆಯಲ್ಲಿ, ಬೇರೆಯವರು ಕೈಚೆಲ್ಲಿದ ಕಾಯಿಲೆಗಳ ಮೂಲ ಹುಡುಕುವ ವಿಭಾಗಕ್ಕೆ ಡಾ. ಗ್ರೆಗರಿ ಹೌಸ್ ಮುಖ್ಯಸ್ಥ. ಅವನು ಬಿಳಿ ಕೋಟು ತೊಡುವುದಿಲ್ಲ, ಆದಷ್ಟು ಮಟ್ಟಿಗೆ ರೋಗಿಯ ಬಳಿಗೇ ಹೋಗುವುದಿಲ್ಲ, ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ಗಟ್ಟಿಯಾಗಿ ನಂಬಿದ್ದಾನೆ.

ಇಂಥ ವೈದ್ಯರು ಎದುರಿಗೆ ಸಿಕ್ಕರೆ ನಾನು ಎರಡನೆಯ ಸಲ ಆ ಬಾಗಿಲು ತುಳಿಯುವುದಿಲ್ಲ. ಆದರೂ ಅವನನ್ನು ನೋಡುತ್ತಾ ಕುಳಿತರೆ ರಾತ್ರಿ ಕಳೆದದ್ದು ತಿಳಿಯುವುದಿಲ್ಲ. ನನಗೆ ಕಂಡ ಕಾರಣ ಇದು. ಬಹುಪಾಲು ಕಂತುಗಳ ಕೊನೆಯ ಭಾಗದಲ್ಲಿ ಒಂದು ಗಳಿಗೆ ಬರುತ್ತದೆ. ಗೆಳೆಯ ವಿಲ್ಸನ್ ಕಾಯಿಲೆಗೆ ಸಂಬಂಧವೇ ಇಲ್ಲದ ಯಾವುದೋ ಮಾತು ಆಡುತ್ತಿರುತ್ತಾನೆ. ಹೌಸ್‌ನ ದೃಷ್ಟಿ ಇದ್ದಕ್ಕಿದ್ದಂತೆ ಎಲ್ಲೋ ನೆಟ್ಟುಹೋಗುತ್ತದೆ, ಮುಖದ ಗಂಟು ಸಡಿಲಗೊಳ್ಳುತ್ತದೆ, ಒಂದೂ ಮಾತಾಡದೆ ಊರುಗೋಲು ಊರುತ್ತಾ ಹೊರಟುಬಿಡುತ್ತಾನೆ. ಪ್ರಶ್ನೆಯೊಂದನ್ನು ಊಟದಲ್ಲಿ, ಜಗಳದಲ್ಲಿ, ನೋವಿನಲ್ಲಿ ಕೂಡ ಕೈಬಿಡದ ಮನಸ್ಸು ಅದು. ಅವನ ಸಿಡುಕನ್ನು ನಾನು ಸಹಿಸಿಕೊಳ್ಳುವುದು ಆ ಮನಸ್ಸಿಗಾಗಿ. ನಿಮಗೆಲ್ಲ ಹೇಗೆ ಕಾಣುತ್ತದೆ?

ಪುಸ್ತಕದ ಹುಳು:
ತುಂಗಾತೀರ ಅವರೇ, ಆ ಮನಸ್ಸಿಗೆ ಒಂದು ವಂಶಾವಳಿಯೇ ಇದೆ. ಈ ಪಾತ್ರವನ್ನು ಸೃಷ್ಟಿಸಿದ ಡೇವಿಡ್ ಶೋರ್ ಅವರಿಗೆ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್ ಮಾದರಿಯಾಗಿದ್ದ. ಹೋಮ್ಸ್‌ನ ಹಾಗೆಯೇ ಹೌಸ್‌ನ ಮನೆಯ ಸಂಖ್ಯೆಯೂ 221ಬಿ, ಹೋಮ್ಸ್–ವಾಟ್ಸನ್ ಜೋಡಿಯ ಹಾಗೆ ಹೌಸ್–ವಿಲ್ಸನ್ ಜೋಡಿ, ಹೀಗೆ ಗುರುತುಗಳು ಎಲ್ಲೆಡೆ ಸಿಗುತ್ತವೆ. ಆ ಹೋಮ್ಸ್‌ಗೋ ಎಡಿನ್‌ಬರೋದ ಶಸ್ತ್ರವೈದ್ಯ ಜೋಸೆಫ್ ಬೆಲ್ ಸ್ಫೂರ್ತಿಯಾಗಿದ್ದರು. ಆಸ್ಪತ್ರೆಯಿಂದ ಹೊರಟು ಪತ್ತೇದಾರಿ ಕಥೆಗೆ ಹೋದವನು ಒಂದು ಶತಮಾನ ಕಳೆದ ಮೇಲೆ ಮತ್ತೆ ಆಸ್ಪತ್ರೆಗೇ ಮರಳಿದ್ದಾನೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಾವು ನೋಡುತ್ತಿರುವುದು ಪತ್ತೇದಾರಿ ಕಥೆ. ಅಲ್ಲಿ ಅಪರಾಧಿ ಕಾಯಿಲೆ, ಅಷ್ಟೆ.

ನಿವೃತ್ತ ಮೇಷ್ಟ್ರು:
ವೈದ್ಯಕೀಯ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಮಾಡಿದವನು ನಾನು. ಧಾರಾವಾಹಿಯನ್ನು ನೋಡಿದ್ದೇನೆ, ಹೌಸ್ ಪಾತ್ರದ ನಟ ಹ್ಯೂ ಲಾರಿ ಅವರ ಅಭಿನಯವನ್ನು ಮೆಚ್ಚಿದ್ದೇನೆ. ಆದರೆ ಜೋಸೆಫ್ ಬೆಲ್ ಅವರ ಹೆಸರು ಬಂದುದರಿಂದ ಹೇಳಲೇಬೇಕು: ಅವರು ಹೆಸರಾದದ್ದು ರೋಗಿಯನ್ನು ಎದುರಿಗೇ ಕೂರಿಸಿಕೊಂಡು, ಅವನ ನಡಿಗೆ, ಕೈಯ ಗುರುತು, ಮಾತಿನ ಧಾಟಿಗಳನ್ನು ವಿದ್ಯಾರ್ಥಿಗಳಿಗೆ ಓದಿ ತೋರಿಸಿದ್ದಕ್ಕೆ. ಹೌಸ್ ತಪ್ಪಿಸಿಕೊಳ್ಳುವುದು ಅದೇ ಕೆಲಸದಿಂದ.

‘ಎಲ್ಲರೂ ಸುಳ್ಳು ಹೇಳುತ್ತಾರೆ’ ಎಂಬ ಮಾತನ್ನು ನನ್ನ ಕೆಲವು ವಿದ್ಯಾರ್ಥಿಗಳು ವಾರ್ಡಿನಲ್ಲಿ ಹೆಮ್ಮೆಯಿಂದ ಆಡುವುದನ್ನು ಕೇಳಿ ನೊಂದಿದ್ದೇನೆ. ರೋಗಿ ಮುಚ್ಚಿಡುತ್ತಾನೆ, ನಿಜ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುತ್ತಾನೆ. ನಾಟಿ ಔಷಧಿ ತೆಗೆದುಕೊಂಡದ್ದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದುಡ್ಡಿಲ್ಲದೆ ಅರ್ಧಕ್ಕೆ ನಿಲ್ಲಿಸಿದ್ದು, ಕುಡಿತ, ಇವೆಲ್ಲ ಮೊದಲ ಪ್ರಶ್ನೆಗೆ ಹೊರಬರುವುದಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ, ಅದೇ ಪ್ರಶ್ನೆಯನ್ನು ಮೆಲ್ಲಗೆ ಇನ್ನೊಂದು ರೀತಿಯಲ್ಲಿ ಕೇಳಿದರೆ ಬರುತ್ತದೆ. ಸಿಡುಕಿನಿಂದ ಬಾಯಿ ಬಿಡಿಸಿದ ರೋಗಿಯನ್ನು ನಾನು ಕಂಡಿಲ್ಲ.

ಎರಡನೇ ಪಾಳಿ:
ನಾನು ಸ್ಟಾಫ್ ನರ್ಸ್. ಧಾರಾವಾಹಿ ನನಗೂ ಇಷ್ಟ, ಅದಕ್ಕೇ ಈ ಬೇಸರವನ್ನು ಹೇಳುತ್ತಿದ್ದೇನೆ. ಅಲ್ಲಿ ರಕ್ತ ತೆಗೆಯುವವರು ವೈದ್ಯರು, ಎಂಆರ್‌ಐ ಯಂತ್ರ ನಡೆಸುವವರು ವೈದ್ಯರು, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನೋಡುವವರೂ ವೈದ್ಯರೇ. ಸಾಲದ್ದಕ್ಕೆ ರೋಗಿಯ ಮನೆಗೆ ಹೇಳದೆ ಕೇಳದೆ ನುಗ್ಗಿ ಹುಡುಕುವವರೂ ಅವರೇ. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿದ್ದು, ಮೂತ್ರದ ಬಣ್ಣ ಬದಲಾದದ್ದನ್ನು ಮೊದಲು ಕಾಣುವ ದಾದಿಗೆ ಆ ಆಸ್ಪತ್ರೆಯಲ್ಲಿ ಮಾತೇ ಇಲ್ಲ. ಒಬ್ಬನೇ ಪ್ರತಿಭಾವಂತನ ತಲೆಯೊಳಗೆ ಕಾಯಿಲೆ ಪತ್ತೆಯಾಗುತ್ತದೆ ಎಂಬ ಚಿತ್ರ ನಮ್ಮೆಲ್ಲರ ಕೆಲಸವನ್ನು ಅಳಿಸಿಹಾಕುತ್ತದೆ.

ಇನ್ನೊಂದು ವಿಷಯ. ಅವನಿಗೆ ಪೆಟ್ಟಾಗಿರುವುದು ಬಲಗಾಲಿಗೆ, ಊರುಗೋಲು ಹಿಡಿಯುವುದೂ ಬಲಗೈಯಲ್ಲೇ. ನಾವು ರೋಗಿಗಳಿಗೆ ಕಲಿಸುವುದು ಇದಕ್ಕೆ ತದ್ವಿರುದ್ಧ: ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಕೋಲು ಹಿಡಿದು, ನೋವಿರುವ ಕಾಲಿನ ಜೊತೆಯಲ್ಲೇ ಅದನ್ನು ಮುಂದಿಡಬೇಕು. ಅವನು ನಡೆದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಪುಸ್ತಕದ ಹುಳು:
ಮೇಷ್ಟ್ರೇ, ತಾವು ಜರ್ಮನಿಯ ಮಾರ್ಬುರ್ಗ್ ನಗರದ ಪ್ರಕರಣವನ್ನು ಗಮನಿಸಬೇಕು. 2012ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಐವತ್ತೈದರ ಆಸುಪಾಸಿನ ರೋಗಿಯೊಬ್ಬರು ಬಂದರು. ಹೃದಯ ಸೋಲುತ್ತಿತ್ತು, ಕಣ್ಣು ಮತ್ತು ಕಿವಿ ಮಂದವಾಗುತ್ತಿದ್ದವು, ಜ್ವರವಿತ್ತು, ಥೈರಾಯ್ಡ್ ಕುಗ್ಗಿತ್ತು. ಪ್ರೊ. ಯುರ್ಗೆನ್ ಶೇಫರ್ ಅವರಿಗೆ ‘ಹೌಸ್’ನ ಏಳನೆಯ ಸೀಸನ್ನಿನ ಕಂತೊಂದು ನೆನಪಾಯಿತು, ಅದರಲ್ಲಿ ಕೃತಕ ಸೊಂಟದ ಕೀಲಿನಿಂದ ಸೋರಿದ ಕೋಬಾಲ್ಟ್ ಎಂಬ ಲೋಹ ರೋಗಿಗೆ ವಿಷವಾಗಿರುತ್ತದೆ. ಈ ರೋಗಿಗೂ ಲೋಹದ ಕೀಲು ಇತ್ತು. ಪರೀಕ್ಷೆಯಲ್ಲಿ ಕೋಬಾಲ್ಟ್ ವಿಷವೇ ಎಂದು ಖಚಿತವಾಯಿತು, ಕೀಲು ಬದಲಿಸಿದ ಮೇಲೆ ಹೃದಯ ಸುಧಾರಿಸಿತು. 2014ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ವರದಿಯಾಯಿತು. ಶೇಫರ್ ಅವರು ಈ ಧಾರಾವಾಹಿಯನ್ನೇ ಇಟ್ಟುಕೊಂಡು ಪಾಠ ಮಾಡುತ್ತಿದ್ದವರು. ರಂಜನೆಗೆಂದು ನೋಡಿದ್ದು ಜೀವ ಉಳಿಸಿತಲ್ಲವೇ?

ನಿವೃತ್ತ ಮೇಷ್ಟ್ರು:
ಆ ವರದಿಯನ್ನು ಓದಿದ್ದೇನೆ, ಸಂತೋಷಪಟ್ಟಿದ್ದೇನೆ. ಆದರೆ ಆ ರೋಗಿಯ ಹಿಂದಿನ ಕಥೆಯನ್ನೂ ಸೇರಿಸಿ ನೋಡಿ. ಅವರಿಗೆ ಮೊದಲು ಇದ್ದದ್ದು ಸೆರಾಮಿಕ್ ಕೀಲು; ಅದು ಒಡೆದುದರಿಂದ ಲೋಹದ್ದನ್ನು ಹಾಕಿದರು; ಒಳಗೆ ಉಳಿದಿದ್ದ ಸೆರಾಮಿಕ್ ಚೂರುಗಳು ಲೋಹವನ್ನು ಉಜ್ಜುತ್ತಾ ಸವೆಸಿದವು. ಹೃದಯದ ಕಾಯಿಲೆಗೆಂದು ಬಂದವರ ಸೊಂಟದ ಚರಿತ್ರೆಯನ್ನು ಕೇಳುವ ತಾಳ್ಮೆ ಇದ್ದುದರಿಂದ ಇದು ಹೊಳೆಯಿತು. ಧಾರಾವಾಹಿ ನೆನಪು ಕೊಟ್ಟಿತು ಎಂಬುದನ್ನು ಒಪ್ಪುತ್ತೇನೆ, ಸಿಡುಕು ಏನನ್ನೂ ಕೊಡಲಿಲ್ಲ. ಆ ರೋಗಿಗೆ ಕಣ್ಣು–ಕಿವಿ ಪೂರ್ತಿ ಮರಳಲಿಲ್ಲ ಎಂಬುದನ್ನೂ ಮರೆಯಬಾರದು.

ಬೆಳ್ಳಕ್ಕಿ:
ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಅವನ ಬುದ್ಧಿಯ ಬಗ್ಗೆ ಬರೆದಿರಿ, ಕಾಲಿನ ಬಗ್ಗೆ ಬರೆದವರು ನರ್ಸ್ ಮೇಡಂ ಒಬ್ಬರೇ. ಮೊದಲ ಸೀಸನ್ನಿನ ‘ಥ್ರೀ ಸ್ಟೋರೀಸ್’ ಕಂತನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಅದರ ಬರವಣಿಗೆಗೆ ಶೋರ್ ಅವರಿಗೆ ಎಮ್ಮಿ ಪ್ರಶಸ್ತಿ ಬಂದಿದೆ. ಹೌಸ್ ತರಗತಿಯಲ್ಲಿ ಕಾಲುನೋವಿನ ಮೂವರು ರೋಗಿಗಳ ಕಥೆ ಹೇಳುತ್ತಾನೆ, ಮೂರನೆಯವನು ತಾನೇ ಎಂಬುದು ನಿಧಾನವಾಗಿ ಬಯಲಾಗುತ್ತದೆ. ತೊಡೆಯ ರಕ್ತನಾಳ ಕಟ್ಟಿಕೊಂಡು ಸ್ನಾಯು ಸಾಯುತ್ತಿತ್ತು. ನೋವು ನೋವೆಂದು ಕೂಗಿದವನನ್ನು ಮಾದಕ ಔಷಧಿಗಾಗಿ ನಟಿಸುತ್ತಿದ್ದಾನೆ ಎಂದು ವೈದ್ಯರು ತಿಳಿದರು. ಕಾರಣ ಗೊತ್ತಾಗಲು ಮೂರು ದಿನ ಹಿಡಿಯಿತು. ತನ್ನ ಮಾತನ್ನು ಯಾರೂ ನಂಬದೆ ಕಾಲು ಕೆಟ್ಟವನು, ಮುಂದೆ ಯಾರ ಮಾತನ್ನೂ ನಂಬದ ವೈದ್ಯನಾಗಿ ಉಳಿದ. ನನಗೆ ಅವನ ಸಿಡುಕು ಅರ್ಥವಾದದ್ದು ಆ ಕಂತಿನಲ್ಲಿ.

ನನ್ನ ದೊಡ್ಡಮ್ಮ ಹನ್ನೊಂದು ವರ್ಷ ಮಂಡಿನೋವಿನಲ್ಲಿ ಬದುಕಿದವರು. ಮೊದಲು ಹಾಗಿರಲಿಲ್ಲ, ನೋವು ಬಂದ ಮೇಲೆ ಮಾತೆತ್ತಿದರೆ ಸಿಡಿಯುತ್ತಿದ್ದರು. ಅವರಿಗೂ ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಕಲಿಸಿದ್ದರು. ಕಲಿಸಿದವರು ಎದುರಿಗಿದ್ದಾಗ ಸರಿಯಾಗಿ ಹಿಡಿಯುತ್ತಿದ್ದರು. ಅವರು ಅತ್ತ ಹೋದೊಡನೆ ನೋಯುವ ಮಂಡಿಯ ಕಡೆಗೇ ಬದಲಾಯಿಸಿಕೊಳ್ಳುತ್ತಿದ್ದರು. ನೋವು ಇರುವಲ್ಲೇ ಆಸರೆ ಇರಬೇಕು ಎಂದು ಅವರಿಗೆ ಅನಿಸುತ್ತಿತ್ತು. ಹೌಸ್ ತಪ್ಪು ಕೈಯಲ್ಲಿ ಕೋಲು ಹಿಡಿದು ನಡೆದಾಗ ನನಗೆ ದೊಡ್ಡಮ್ಮ ನಡೆದ ಹಾಗೆ ಕಾಣುತ್ತದೆ.

ಎರಡನೇ ಪಾಳಿ:
ಬೆಳ್ಳಕ್ಕಿ ಅವರೇ, ನಮ್ಮ ವಾರ್ಡಿನಲ್ಲೂ ಎಷ್ಟೋ ಜನ ಹಾಗೆಯೇ ಮಾಡುತ್ತಾರೆ. ನಾನು ಇಷ್ಟು ದಿನ ಅವರನ್ನು ತಿದ್ದಿದ್ದೇನೆಯೇ ಹೊರತು ಏಕೆ ಹಾಗೆ ಹಿಡಿಯುತ್ತೀರಿ ಎಂದು ಕೇಳಿರಲಿಲ್ಲ. ನಾಳೆ ಮಧ್ಯಾಹ್ನದ ಪಾಳಿಯಲ್ಲಿ ಮೂರನೆಯ ಮಂಚದ ಅಜ್ಜಿಯನ್ನು ಕೇಳುತ್ತೇನೆ.